ಸರ್ವೇಯರರಿಗೆ ನಡು ಸಿಕ್ಕಿದ್ದು

ಠಪ್.

ಬೆಳಗಿನ ಆರು ಗಂಟೆಗೆ ಆ ಬೀದಿಯಲ್ಲಿ ಕೇಳುವ ಸದ್ದುಗಳು ಎಲ್ಲರಿಗೂ ಪರಿಚಯವಿದ್ದವು. ಹಾಲಿನವನ ಸೈಕಲ್ ಗಂಟೆ, ಮೂಲೆ ಮನೆಯ ನೀರಿನ ಪಂಪಿನ ಕೆಮ್ಮು, ಯಾರೋ ಕಿಟಕಿ ತೆರೆದು ಕೊಂಡಿ ಸಿಕ್ಕಿಸುವ ಕಿರುಗುಟ್ಟು. ಇವುಗಳ ನಡುವೆ ನಾಲ್ಕು ದಿನದಿಂದ ಹೊಸದೊಂದು ಸೇರಿಕೊಂಡಿತ್ತು. ಒದ್ದೆ ಬಟ್ಟೆಯನ್ನು ಗೋಡೆಗೆ ಎಸೆದಂತೆ ಒಂದು ಠಪ್. ಆಮೇಲೆ ಮೌನ. ಆಮೇಲೆ ಒಂದು ನಿಟ್ಟುಸಿರು. ಮತ್ತೆ ಠಪ್.

ಸದ್ದು ಬರುತ್ತಿದ್ದದ್ದು ಸರ್ವೇಯರರ ಹಿತ್ತಲಿನಿಂದ. ಗಾಲ್ಫ್ ಚೆಂಡು ಕೋಲಿನ ತಲೆಯ ಸರಿಯಾದ ನಡುವಿಗೆ ತಗಲಿದರೆ ಹುಟ್ಟುವ ಸದ್ದೇ ಬೇರೆಯಂತೆ. ಒಣಗಿದ ಎಳೆ ಕಡ್ಡಿ ಮುರಿದ ಹಾಗೆ ಟಿಕ್ ಎನ್ನುತ್ತದಂತೆ, ಹೊಡೆದವರ ಕೈಗೆ ಏನೂ ತಗಲಿದ್ದೇ ತಿಳಿಯುವುದಿಲ್ಲವಂತೆ. ಸರ್ವೇಯರರ ಕೈಗೆ ಎಲ್ಲವೂ ತಿಳಿಯುತ್ತಿತ್ತು. ಪ್ರತಿ ಹೊಡೆತದ ನಡುಕವೂ ಮಣಿಕಟ್ಟಿನಿಂದ ಹೊರಟು, ಮೊಣಕೈಯಲ್ಲಿ ಸ್ವಲ್ಪ ಹೊತ್ತು ತಂಗಿದ್ದು, ದವಡೆಯ ಹಲ್ಲಿಗೆ ಬಂದು ಸೇರುತ್ತಿತ್ತು.

“ರೀ,” ಎಂದು ಅಡುಗೆಮನೆಯ ಕಿಟಕಿಯಿಂದ ಹೆಂಡತಿಯ ದನಿ ಬಂತು. “ಚೆಂಡಿನ ನಡು ಸಿಗೋಕೆ ಮುಂಚೆ ನಿಮ್ಮ ನಡು ಹಿಡ್ಕೊಳುತ್ತೆ. ಒಳಗೆ ಬನ್ನಿ.”

“ಚೆಂಡಿನ ನಡು ಅಲ್ಲ ಕಣೇ, ಕೋಲಿನ ನಡು. ಗೊತ್ತಿಲ್ಲದೆ ಮಾತಾಡಬಾರದು.”

“ಗೊತ್ತಿಲ್ಲದೆ ಮಾತಾಡಿದ್ದು ಯಾರು, ನಾನಾ?”

ಸರ್ವೇಯರರು ಮತ್ತೊಂದು ಚೆಂಡು ಇಟ್ಟರು. (ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಉತ್ತರವಿಲ್ಲದ ಪ್ರಶ್ನೆಗಳ ಗಡಿ ಎಲ್ಲಿದೆ ಎಂಬುದನ್ನು ಅವರು ಸರಪಳಿ ಹಿಡಿಯದೆಯೇ ಅಳೆಯಬಲ್ಲವರಾಗಿದ್ದರು.)

ಗೊತ್ತಿಲ್ಲದೆ ಆಡಿದ ಆ ಮಾತು ಹುಟ್ಟಿದ್ದು ಹಿಂದಿನ ಭಾನುವಾರ, ಬೀಗರಾಗಲಿರುವವರ ಮನೆಯ ಸೋಫಾದ ಮೇಲೆ. ಮಗಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಅಲ್ಲಿಯೇ ಕೆಲಸ ಮಾಡುವ ಹುಡುಗನನ್ನು ಮೆಚ್ಚಿದ್ದಳು. ಎರಡೂ ಮನೆಯವರು ಕೂತು ಮಾತಾಡಿದ್ದಾಯಿತು, ಒಪ್ಪಿದ್ದಾಯಿತು. ಹುಡುಗನ ತಂದೆ ನಿವೃತ್ತ ಪ್ರಿನ್ಸಿಪಾಲರು. ಮಾತು ಕಡಿಮೆ, ಕಾಯುವುದು ಹೆಚ್ಚು. ಪ್ರಶ್ನೆ ಕೇಳಿ ಕನ್ನಡಕ ತೆಗೆದು ಒರೆಸುತ್ತ ಕೂತರೆ ಎದುರಿಗಿದ್ದವರು ತಾವಾಗಿಯೇ ಏನಾದರೂ ಹೇಳಿಬಿಡಬೇಕು, ಅಂಥ ಕಾಯುವಿಕೆ. ಅವರ ಕೋಣೆಯ ಮೂಲೆಯಲ್ಲಿ ಚೀಲದ ತುಂಬ ಗಾಲ್ಫ್ ಕೋಲುಗಳಿದ್ದವು. ಅದನ್ನು ನೋಡಿ ಸರ್ವೇಯರರು, ಊರಾಚೆಯ ಗಾಲ್ಫ್ ಮೈದಾನವನ್ನು ಹದಿನೇಳು ವರ್ಷದ ಹಿಂದೆ ಅಳೆದವನು ತಾನೇ, ಅದರ ಅಂಗುಲ ಅಂಗುಲವೂ ತನಗೆ ಗೊತ್ತು ಎಂದರು. ಅದು ನಿಜವೇ.

“ಹೌದಾ! ಹಾಗಾದ್ರೆ ಆಡ್ತೀರಿ ಅನ್ನಿ,” ಎಂದರು ಪ್ರಿನ್ಸಿಪಾಲರು. ಕನ್ನಡಕ ತೆಗೆದರು.

“ಏನೋ ಸ್ವಲ್ಪ,” ಎಂದರು ಸರ್ವೇಯರರು.

ನಮ್ಮ ಮಾತಿನಲ್ಲಿ ‘ಏನೋ ಸ್ವಲ್ಪ’ಕ್ಕೆ ಎಷ್ಟು ತೂಕ ಎಂಬುದು ಬಲ್ಲವರಿಗೆ ಗೊತ್ತು. ಹಾಡಲು ಬಾರದವರು ‘ಅಯ್ಯೋ, ನನಗೆಲ್ಲಿ’ ಎನ್ನುತ್ತಾರೆ. ‘ಏನೋ ಸ್ವಲ್ಪ’ ಎಂದವರು ಗಂಟಲು ಸರಿಮಾಡಿಕೊಂಡು ಎರಡು ಗಂಟೆ ಹಾಡುತ್ತಾರೆ. ವಿನಯದ ವೇಷ ಹಾಕಿದ ಜಂಬ ಅದು. ಸರ್ವೇಯರರ ಬಾಯಿಂದ ಅದು ಹೊರಬಿದ್ದದ್ದು ಹೇಗೆಂದು ಅವರಿಗೇ ತಿಳಿಯಲಿಲ್ಲ. ಸೋಫಾ ಬಹಳ ಮೆತ್ತಗಿತ್ತು, ಅದರಲ್ಲಿ ಅವರು ತೀರ ಕೆಳಗೆ ಕೂತಿದ್ದರು. ಬೀಗರ ಕುರ್ಚಿ ಎತ್ತರದ್ದಾಗಿತ್ತು. ಇಷ್ಟೇ ಕಾರಣವಿರಬಹುದು. ಎದುರಿಗಿದ್ದ ಮಗಳು ತಟ್ಟನೆ ತಲೆಯೆತ್ತಿ ಅಪ್ಪನನ್ನು ನೋಡಿದಳು. ಅಪ್ಪ ಬಿಸ್ಕತ್ತಿನ ತಟ್ಟೆಯನ್ನು ನೋಡಿದರು.

ಪ್ರಿನ್ಸಿಪಾಲರು ಎದ್ದು ಚೀಲದಿಂದ ಹಳೆಯದೊಂದು ಕೋಲು, ಆರು ಚೆಂಡು ತಂದುಕೊಟ್ಟರು. “ಕೈಗೆ ಹೊಂದುತ್ತಾ ನೋಡಿ. ಬರೋ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ಬೆಳಗ್ಗೆ ಒಂದು ಆಟ ಆಡೋಣ.” ಸರ್ವೇಯರರು ಕೋಲನ್ನು ಕೊಡೆ ಹಿಡಿದಂತೆ ಹಿಡಿದು ಮನೆಗೆ ಬಂದರು.

“ಅಪ್ಪಾ, ಒಂದು ಫೋನ್ ಮಾಡಿ ಹೇಳಿಬಿಡಿ. ಆಟ ಬರಲ್ಲ ಅಂದ್ರೆ ಮುಗೀತು,” ಎಂದಳು ಮಗಳು, ದಾರಿಯಲ್ಲೇ.

“ಬರಲ್ಲ ಅಂತ ಯಾಕೆ ಹೇಳಲಿ? ಎರಡು ವಾರ ಇದೆಯಲ್ಲ. ಅಷ್ಟರಲ್ಲಿ ಆಟ ಬಂದರೆ ಸುಳ್ಳು ಹೇಗಾಗುತ್ತೆ?”

ಹುಟ್ಟಿದ ಮನೆಯ ಮಾತಿಗೆ ಸೇರುವ ಮನೆಯಲ್ಲಿ ಬೆಲೆ ಇರಬೇಕು ಎಂಬುದು ಮಗಳ ಚಿಂತೆ. ಅಪ್ಪನ ಚಿಂತೆಯೂ ಅದೇ ಆಗಿತ್ತು. ಒಂದೇ ಚಿಂತೆ ಎರಡು ದಾರಿ ಹಿಡಿದು ಹೊರಟಿತು.

ಸರ್ವೇಯರರು ಆಟವನ್ನು ಜಮೀನಿನಂತೆ ಕೈಗೆತ್ತಿಕೊಂಡರು. ಹಿತ್ತಲಲ್ಲಿ ಬಟ್ಟೆ ಒಣಗಿಸುವ ಹಗ್ಗಕ್ಕೆ ಹಳೆಯ ದಪ್ಪ ಹೊದಿಕೆ ತೂಗುಹಾಕಿದರು, ಚೆಂಡು ಅದಕ್ಕೆ ಬಡಿದು ಕೆಳಗೆ ಬೀಳಲೆಂದು. ಗೂಟ ಹೊಡೆದು ದಾರ ಕಟ್ಟಿದರು. ಚೆಂಡು ಕೋಲಿನ ಎಲ್ಲಿಗೆ ತಗಲುತ್ತಿದೆ ಎಂದು ತಿಳಿಯಲು ಹೆಂಡತಿಯ ಪೆಟ್ಟಿಗೆಯಿಂದ ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್ ತೆಗೆದು ಕೋಲಿನ ಮುಖಕ್ಕೆ ಬಳಿದರು. ಪ್ರತಿ ಹೊಡೆತಕ್ಕೂ ನೀಲಿಯಲ್ಲಿ ಒಂದು ಬಿಳಿ ಚುಕ್ಕೆ ಮೂಡುತ್ತಿತ್ತು. ಅದನ್ನು ಅಳತೆ ಬರೆಯುವ ಫೀಲ್ಡ್ ಬುಕ್ಕಿನಲ್ಲಿ ಬರೆದುಕೊಂಡರು. ಕೋಲಿನ ತಲೆಗೂ ನಮ್ಮ ಪಾದದಂತೆ ಹಿಮ್ಮಡಿ, ಬೆರಳು ಎಂದು ಎರಡು ತುದಿಗಳಿವೆ. ಮೊದಲ ದಿನ ಐವತ್ತು ಹೊಡೆತ. ಹಿಮ್ಮಡಿಗೆ ನಲವತ್ತೇಳು, ನೆಲಕ್ಕೆ ಮೂರು, ನಡುವಿಗೆ ಸೊನ್ನೆ.

ಚೆಂಡಿನಿಂದ ಇನ್ನೂ ಎರಡು ಅಂಗುಲ ಹಿಂದೆ ಸರಿದು ನಿಂತರು. ಹಿಮ್ಮಡಿಗೇ ಬಿತ್ತು. ಮೂರು ಅಂಗುಲ ಹಿಂದೆ ನಿಂತರು. ಮುಗ್ಗರಿಸಿದರು, ಆದರೂ ಹಿಮ್ಮಡಿಗೇ ಬಿತ್ತು. ತಲೆ ಅಲುಗಬಾರದೆಂದು ಹಗ್ಗದಿಂದ ತೂಕದ ಗುಂಡನ್ನು ಮೂಗಿನ ನೇರಕ್ಕೆ ಇಳಿಬಿಟ್ಟುಕೊಂಡರು. ಅದು ಮಾತ್ರ ಮೂಗಿನ ನಡುವಿಗೆ ಸರಿಯಾಗಿ ಬಡಿಯಿತು.

ಇನ್ನೊಂದು ತೊಡಕೂ ಕಾಣಿಸಿತು. ಚೆಂಡು ಹೊದಿಕೆಯ ಬಲ ಅಂಚಿಗೆ ಹೋಗಿ ಬೀಳುತ್ತಿತ್ತು. ಸರ್ವೇಯರರು ಕಣ್ಣು ಕಿರಿದು ಮಾಡಿ ನೋಡಿ, ಹೊದಿಕೆ ಸೊಟ್ಟಗೆ ಕಟ್ಟಿದೆ ಎಂದು ತೀರ್ಮಾನಿಸಿ, ಅದನ್ನು ಹಗ್ಗದ ಮೇಲೆ ಎರಡು ಅಡಿ ಬಲಕ್ಕೆ ಎಳೆದರು. ಮರುದಿನ ಇನ್ನೆರಡು ಅಡಿ ಎಳೆದರು.

“ಈ ಹೊದಿಕೆ ಯಾಕ್ರೀ ದಿನಾ ನಡ್ಕೊಂಡು ಹೋಗ್ತಿದೆ?” ಎಂದು ಹೆಂಡತಿ ಕೇಳಿದಳು. “ನಾಳೆ ಪಕ್ಕದ ಮನೆ ಸೇರುತ್ತೆ. ಅದಿರಲಿ, ನನ್ನ ನೀಲಿ ಚಾಕ್ ಎಲ್ಲಿ?”

“ಇಲ್ಲೇ ಎಲ್ಲೋ ಇರಬೇಕು.”

“ನಿಮ್ಮ ಮೂಗಿನ ಮೇಲಿದೆ.”

ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದಳು. ಊರಿನ ಅರ್ಧ ಗಂಡಸರ ಪ್ಯಾಂಟುಗಳು ಅವಳ ಕೈಯಿಂದಲೇ ಹೋಗುತ್ತಿದ್ದವು. ಯಾರ ಹೊಟ್ಟೆ ಯಾವ ವರ್ಷ ಎಷ್ಟು ಬೆಳೆಯಿತು ಎಂಬುದು ಅವಳ ಅಳತೆ ಪುಸ್ತಕದಲ್ಲಿತ್ತು. ಆದರೆ ಅವಳು ಅದನ್ನು ಯಾರಿಗೂ ಹೇಳಿದವಳಲ್ಲ. “ಅಳತೆ ಅಂದ್ರೆ ಗುಟ್ಟು,” ಎನ್ನುತ್ತಿದ್ದಳು. “ಬಟ್ಟೆಗೆ ಹೇಳ್ಬೇಕು, ಮೈಗೆ ಹೇಳ್ಬಾರ್ದು.”

ಎಂಟನೆಯ ದಿನ ಸರ್ವೇಯರರು ಒಂದು ದೊಡ್ಡ ಅಪರಾಧ ಮಾಡಿದರು. ಅಂಗಡಿಯಿಂದ ಸಿದ್ಧ ಪ್ಯಾಂಟು ಕೊಂಡು ತಂದರು. ಬಿಳಿ ಬಣ್ಣದ್ದು, ಆಟಗಾರರು ತೊಡುವಂಥದ್ದು. ಮಿಷನ್ನಿನ ಸದ್ದು ನಿಂತಿತು.

“ಓಹೋ,” ಎಂದಳು ಹೆಂಡತಿ. ಅಷ್ಟೇ.

“ಆಟಕ್ಕೆ ಮಾತ್ರ ಕಣೇ. ನಿನಗೆ ಕೆಲಸ ಹೆಚ್ಚಾಗಬಾರದು ಅಂತ.”

“ಎಷ್ಟು ಒಳ್ಳೆಯವರಪ್ಪ ನೀವು. ಹಾಕ್ಕೊಂಡು ಬನ್ನಿ, ನಾನೂ ನೋಡ್ತೀನಿ.”

ತೊಟ್ಟು ಕನ್ನಡಿಯ ಮುಂದೆ ನಿಂತರು. ಬಲಗಾಲು ಹಿಡಿದಿಟ್ಟಂತೆ ಕೂತಿತ್ತು. ಎಡಗಾಲಿನ ಅಂಚು ಪಾದದ ಮೇಲೆ ಮುದುಡಿ ನೆಲ ಒರೆಸುತ್ತಿತ್ತು.

“ಥೂ, ಇದೇ ನೋಡು ಸಿದ್ಧ ಬಟ್ಟೆ ಹಣೆಬರಹ. ಎಡಗಾಲು ಉದ್ದ ಹೊಲಿದುಬಿಟ್ಟಿದಾರೆ. ಇವರಿಗೆ ಟೇಪ್ ಹಿಡಿಯೋಕೂ ಬರಲ್ಲ.”

“ಪ್ಯಾಂಟು ಸರಿಯಾಗೇ ಇದೆ.”

“ಎಲ್ಲಿ ಸರಿಯಾಗಿದೆ? ಕಣ್ಣು ಕಾಣಲ್ವಾ ನಿನಗೆ?”

“ಕಾಣೋದ್ರಿಂದಲೇ ಹೇಳ್ತಿದೀನಿ,” ಎಂದಳು ಹೆಂಡತಿ. ಕೋಪ ಇಳಿದಿತ್ತು. ಆಡಬಾರದ ಮಾತು ನಾಲಗೆಯ ತುದಿಗೆ ಬಂದುಬಿಟ್ಟಿತ್ತು. ಸೂಜಿಗೆ ದಾರ ಪೋಣಿಸುವವಳಂತೆ ಬೆಳಕಿನ ಕಡೆ ತಿರುಗಿ ಹೇಳಿದಳು: “ನಿಮ್ಮ ಎಡಗಾಲೇ ಗಿಡ್ಡ. ಅರ್ಧ ಇಂಚು.”

ಸರ್ವೇಯರರು ಬಗ್ಗಿ ತಮ್ಮ ಎರಡು ಪಾದಗಳನ್ನೂ ನೋಡಿಕೊಂಡರು.

“ಯಾವಾಗಿಂದ?” ಎಂದರು ಸರ್ವೇಯರರು. (ದುಃಖದಲ್ಲಿ ಮನುಷ್ಯ ಎಂಥ ಪ್ರಶ್ನೆಯನ್ನಾದರೂ ಕೇಳುತ್ತಾನೆ.)

“ಹುಟ್ಟಿದಾಗಿಂದ ಇರಬೇಕು. ನನಗೆ ಗೊತ್ತಾಗಿದ್ದು ಮದುವೆಯಾದ ಮೂರನೇ ತಿಂಗಳು, ಮೊದಲನೇ ಪ್ಯಾಂಟು ಹೊಲಿದಾಗ. ಅವತ್ತಿಂದ ಎಡಗಾಲು ಅರ್ಧ ಇಂಚು ಕಡಿಮೆ ಮಾಡೇ ಹೊಲೀತಿದೀನಿ. ಯಾಕೆ ಹೇಳಿ ನೋಯಿಸ್ಬೇಕು ಅಂತ ಸುಮ್ಮನಿದ್ದೆ.”

ಊರಿನ ಗುಡ್ಡ, ಗುಂಡಿ, ಚರಂಡಿ, ಎಲ್ಲದರ ಏರುತಗ್ಗು ಬಲ್ಲವರು ಮಂಚದ ಮೇಲೆ ಕೂತುಕೊಂಡರು. ಮೊದಲು ನಂಬಲಿಲ್ಲ. ಉಕ್ಕಿನ ಟೇಪು ತಂದರು, ಅಳೆಯಿಸಿದರು, ಮತ್ತೆ ಅಳೆಯಿಸಿದರು. ನೀರಿನ ಕೊಳವೆ ಹಿಡಿದು ಸೊಂಟದ ಎರಡು ಮೂಳೆಗಳ ಮಟ್ಟ ನೋಡಿಸಿದರು. ಅರ್ಧ ಇಂಚು. ತಮ್ಮ ಅಳತೆಗಳೆಲ್ಲ ಸೊಟ್ಟಗಾದವೋ ಏನೋ ಎಂಬ ಭಯ ಹುಟ್ಟಿತು. ಆಮೇಲೆ ಅಳತೆಯ ಉಪಕರಣಕ್ಕೆ ಮೂರು ಕಾಲಿವೆ, ಮೂರನ್ನೂ ಬೇಕಾದಂತೆ ಹೊಂದಿಸಬಹುದು ಎಂಬುದು ನೆನಪಾಗಿ ಉಸಿರು ಬಂತು. ತನಗೆ ಎರಡೇ ಕಾಲು, ಹೊಂದಿಸಿದವಳು ಬೇರೆಯವಳು ಎಂಬುದೂ ಹೊಳೆಯಿತು. ಹೊಸ ಪ್ಯಾಂಟು ಬಿಚ್ಚಿ ಅವಳ ಮಿಷನ್ ಮೇಲೆ ಇಟ್ಟರು.

ಹೆಂಡತಿ ಅಂದು ಸಂಜೆ ಹಿತ್ತಲಿಗೆ ಬಂದು ಗಂಡ ಕೋಲು ಬೀಸುವುದನ್ನು ಮೊದಲ ಸಲ ಸರಿಯಾಗಿ ನೋಡಿದಳು. “ಹೊಡೆಯೋವಾಗ ಮೈಯೆಲ್ಲ ಎಡಗಾಲ ಮೇಲೆ ಹಾಕ್ತೀರಿ. ಆ ಕಾಲು ಕೆಳಗಿಳಿಯುತ್ತೆ. ನೀವು ಮುಂದಕ್ಕೆ ವಾಲ್ತೀರಿ, ಕೋಲು ಆಚೆ ಹೋಗುತ್ತೆ. ಹಿಮ್ಮಡಿಗೆ ಬೀಳದೆ ಇನ್ನೇನಾಗುತ್ತೆ?” ಎಂದಳು. ಕಾಲರಿಗೆ ಹಾಕುವ ಬಿರುಸು ಬಟ್ಟೆಯನ್ನು ಪದರ ಪದರವಾಗಿ ಕತ್ತರಿಸಿ, ಒಟ್ಟು ಸೇರಿಸಿ ಹೊಲಿದು, ಅರ್ಧ ಇಂಚು ದಪ್ಪದ ಮೆತ್ತೆ ಮಾಡಿ ಎಡ ಶೂವಿನೊಳಗೆ ಇಟ್ಟಳು. ಕೋಲಿನ ಹಿಮ್ಮಡಿಯ ರೋಗಕ್ಕೆ ಮದ್ದು ಮನುಷ್ಯನ ಹಿಮ್ಮಡಿಯಲ್ಲಿತ್ತು.

ಮರುದಿನ ಬೆಳಿಗ್ಗೆ ಆರಕ್ಕೆ ಸರ್ವೇಯರರು ಕೋಲು ಬೀಸಿದರು.

ಟಿಕ್.

ಅವರು ಅಲುಗಾಡದೆ ನಿಂತರು. ಕೈಗೆ ಏನೂ ತಗಲಿರಲಿಲ್ಲ. ಕೋಲನ್ನು ನಿಧಾನವಾಗಿ ತಿರುಗಿಸಿ ನೋಡಿದರು. ನೀಲಿಯ ನಟ್ಟನಡುವೆ, ಬೊಟ್ಟಿಟ್ಟ ಹಾಗೆ, ಬಿಳಿ ಚುಕ್ಕೆ. “ಏ! ಬಾರೇ ಇಲ್ಲಿ!” ಎಂದು ಕೂಗಿದ ದನಿಗೆ ಮೂಲೆ ಮನೆಯವರು ಪಂಪು ನಿಲ್ಲಿಸಿದರು. ಶನಿವಾರದ ಹೊತ್ತಿಗೆ ಹತ್ತಕ್ಕೆ ಒಂಬತ್ತು ನಡುವಿಗೆ ಬೀಳುತ್ತಿತ್ತು. ಹೊದಿಕೆ ಅಷ್ಟರಲ್ಲಿ ಹಗ್ಗದ ಬಲತುದಿಯ ಕಂಬ ಮುಟ್ಟಿತ್ತು.

ಶನಿವಾರ ಸಂಜೆ ಮಗಳು ಟೀ ಲೋಟ ಹಿಡಿದು ಹಿತ್ತಲ ಮೆಟ್ಟಿಲ ಮೇಲೆ ಕೂತಳು. ಆ ವಾರವೆಲ್ಲ ಎರಡು ಪಾಳಿ ಕೆಲಸವಿದ್ದು, ಅಪ್ಪನ ಹೊಸ ಹೊಡೆತವನ್ನು ಅವಳು ನೋಡಿರಲಿಲ್ಲ. “ಅಪ್ಪಾ, ಈಗಲೂ ಹೊತ್ತು ಮೀರಿಲ್ಲ. ಒಂದು ಮಾತು,” ಎಂದಳು.

“ಇನ್ನು ಹೇಳೋಕೆ ಏನಿದೆಯಮ್ಮ? ನಿಜ ಆಗೋಯ್ತಲ್ಲ,” ಎಂದು ಅವರು ಕೋಲನ್ನು ಒರೆಸಿಟ್ಟರು.

ಭಾನುವಾರ ಬೆಳಿಗ್ಗೆ ಮೈದಾನ ಇನ್ನೂ ಒದ್ದೆಯಾಗಿತ್ತು. ನಡೆದ ಕಡೆಯೆಲ್ಲ ಹುಲ್ಲಿನ ಮೇಲೆ ಕಪ್ಪು ಹೆಜ್ಜೆಗಳು ಉಳಿಯುತ್ತಿದ್ದವು. ಪ್ರಿನ್ಸಿಪಾಲರು ಗೇಟಿನಲ್ಲೇ ಕೇಳಿದರು: “ಎಷ್ಟು ವರ್ಷದಿಂದ ಆಡ್ತಿದೀರಿ?” ಕನ್ನಡಕ ತೆಗೆದು ಒರೆಸಿದರು. ಸಾಕಷ್ಟು ಹೊತ್ತು ಒರೆಸಿದರು.

“ಅದೆಲ್ಲ ನೆನಪಿಟ್ಟವರು ಯಾರು,” ಎಂದರು ಸರ್ವೇಯರರು, ಆಕಾಶ ನೋಡುತ್ತ.

ಸರ್ವೇಯರರು ಮೊದಲ ಚೆಂಡು ಇಟ್ಟಾಗ ಪ್ರಿನ್ಸಿಪಾಲರು ಮತ್ತೆ ಕೇಳಿದರು: “ಹೇಳೋದೇನಾದ್ರೂ ಇದೆಯಾ?”

“ಇಲ್ಲ ಇಲ್ಲ. ಶುರು ಮಾಡೋಣ.”

“ಹಾಗಾದ್ರೆ ನಾನು ಅಲ್ಲಿ ನಿಂತು ನೋಡ್ತೀನಿ,” ಎಂದು ಪ್ರಿನ್ಸಿಪಾಲರು ಮುಂದೆ ನಡೆದರು. ಬಲಗಡೆಗೆ, ನಲವತ್ತು ಹೆಜ್ಜೆಯಾಚೆ, ನಿಶ್ಚಿಂತೆಯಿಂದ ನಿಂತರು. ಆಟ ಬಲ್ಲವರಾರೂ ಹೊಡೆಯುವವರ ಮುಂದೆ ಹೋಗಿ ನಿಲ್ಲುವುದಿಲ್ಲ. ಆದರೂ ನಿಂತರು. ತನ್ನ ಕೈಯ ಮೇಲೆ ಬೀಗರಿಗೆ ಎಂಥ ನಂಬಿಕೆ ಎಂದು ಸರ್ವೇಯರರ ಕಣ್ಣು ಒದ್ದೆಯಾಯಿತು. ಬೀಗರು ಶೂ ದಾರ ಕಟ್ಟಲು ಆಚೆಗೆ ತಿರುಗಿ ಬಗ್ಗಿದರು.

ಸರ್ವೇಯರರು ಬೀಸಿದರು.

ಟಿಕ್.

ಅಷ್ಟು ಶುದ್ಧವಾದ ಹೊಡೆತ ಆ ಮೈದಾನದಲ್ಲಿ ಆ ಬೆಳಿಗ್ಗೆ ಮತ್ತೊಂದು ಆಗಿರಲಾರದು. ಹೊದಿಕೆಯಿಲ್ಲದ ಜಾಗದಲ್ಲಿ ತನ್ನ ಚೆಂಡು ಎತ್ತ ಹೋಗುತ್ತದೆ ಎಂಬುದನ್ನು ಸರ್ವೇಯರರು ಅಂದೇ ಮೊದಲು ಕಂಡದ್ದು. ನಡುವಿಗೆ ಬಿದ್ದ ಚೆಂಡು ಬಹಳ ಜೋರಾಗಿ ಹೋಗುತ್ತದೆ. ತಪ್ಪು ದಿಕ್ಕಿಗೆ ಹೋದರೂ ಅಷ್ಟೇ ಜೋರಾಗಿ ಹೋಗುತ್ತದೆ. ದಿನಕ್ಕೆರಡು ಅಡಿಯಂತೆ ಹೊದಿಕೆಯೊಡನೆ ಬಲಕ್ಕೆ ಸರಿದಿದ್ದ ಆ ಚೆಂಡು ನೇರ ಹೋಗಿ ಬೀಗರ ನಡುವಿಗೆ ಬಿತ್ತು.

ಬೀಗರು ಹುಲ್ಲಿನ ಮೇಲೆ ಮೊದಲು ಮಂಡಿಯೂರಿ, ಆಮೇಲೆ ಮೆಲ್ಲಗೆ ಮಲಗಿದರು. ಡಾಕ್ಟರು ನೋಡಿ ಮೂಳೆಗೆ ಏನೂ ಆಗಿಲ್ಲ, ನಾಲ್ಕು ದಿನ ಬಿಸಿನೀರಿನ ಚೀಲ ಇಡಿ ಎಂದರು. ಪ್ರಿನ್ಸಿಪಾಲರನ್ನು ಅವರ ಮನೆಯ ಮಂಚದ ಮೇಲೆ ಬೋರಲು ಮಲಗಿಸಿ ಸರ್ವೇಯರರು ಹೊರಟಾಗ, ದಿಂಬಿನೊಳಗಿಂದ ದನಿ ಬಂತು: “ಚೆನ್ನಾಗಿ ಹೊಡೀತೀರಿ.”

ದಾರಿಯುದ್ದಕ್ಕೂ ಸರ್ವೇಯರರ ಮನಸ್ಸು ಎರಡಾಗಿತ್ತು. ಬೀಗರಿಗೆ ಪೆಟ್ಟಾದದ್ದು ದುಃಖ. ಆದರೆ ಮಾತು ಉಳಿಯಿತು. ಅದನ್ನು ಬೀಗರೇ ಒಪ್ಪಿದ್ದರು.

ಹೆಂಡತಿ, ಮಗಳು ಇಬ್ಬರೂ ಗೇಟಿನಲ್ಲಿದ್ದರು.

“ಏನಾಯ್ತು ರೀ?”

“ನಡುವಿಗೇ ಬಿತ್ತು.”

“ಚೆಂಡಾ?”

“ಚೆಂಡೂ ಬಿತ್ತು, ಬೀಗರೂ ಬಿದ್ರು,” ಎಂದು ನಡೆದದ್ದೆಲ್ಲ ಹೇಳಿದರು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗಾಬರಿಗೋ ನಗುವಿಗೋ ತಿಳಿಯಲಿಲ್ಲ. ಮಗಳು ಮಾತ್ರ ನಗಲಿಲ್ಲ.

“ಹೇಳಿದ್ರಾ ಅಪ್ಪಾ?”

“ಏನನ್ನ?”

“ಆಟ ಬರಲ್ಲ ಅನ್ನೋದನ್ನ.”

“ಹೇಳೋ ಸಂದರ್ಭವೇ ಬರಲಿಲ್ಲಮ್ಮ. ಅವರಿಗೆ ಗೊತ್ತೇ ಆಗಲಿಲ್ಲ, ನೋಡು!”

“ಅವರಿಗೆ ಮೊದಲಿಂದ ಗೊತ್ತು,” ಎಂದಳು ಮಗಳು. “ಅವತ್ತು ನೀವು ಹೊರಗೆ ಚಪ್ಪಲಿ ಮೆಟ್ಟುತ್ತಿದ್ದಾಗ ನಾನೇ ಒಳಗೆ ಹೋಗಿ ಹೇಳಿದೆ. ಸಂಕೋಚಕ್ಕೆ ಹಾಗಂದ್ರು, ತಪ್ಪು ತಿಳ್ಕೋಬೇಡಿ ಅಂತ. ‘ಕೋಲು ಹಿಡಿದಿದ್ದು ನೋಡಿದೆನಮ್ಮ. ಇರಲಿ, ಅವರೇ ಹೇಳಲಿ’ ಅಂದ್ರು. ಹೇಳ್ತಾರೆ, ನಮ್ಮಪ್ಪ ಖಂಡಿತ ಹೇಳ್ತಾರೆ ಅಂತ ನಾನು ಮಾತು ಕೊಟ್ಟಿದ್ದೆ.”

ಸರ್ವೇಯರರು ಗೇಟಿನ ಸರಳು ಹಿಡಿದುಕೊಂಡರು. “ಮತ್ತೆ ಅವರು ಅಷ್ಟು ಹತ್ತಿರ, ಅಷ್ಟು ಧೈರ್ಯವಾಗಿ ನಿಂತಿದ್ದು?”

“ಹಿಂದಿನ ವಾರ ಕೇಳಿದ್ರು, ಹೇಗೆ ಹೊಡೀತಾರೆ ಅಂತ. ಅಪ್ಪನ ಚೆಂಡು ಹತ್ತು ಹೆಜ್ಜೆ ಉರುಳಲ್ಲ ಅಂತ ನಾನೇ ಹೇಳಿದ್ದೆ.”

ಸರ್ವೇಯರರು ಗೇಟಿನಲ್ಲಿ ನಿಂತ ಮಗಳನ್ನು ನೋಡಿದರು. ಎರಡು ವಾರ ಅವಳು ಲ್ಯಾಬಿಗೆ ಹೋಗಿ ಬಂದು, ಟೀ ಕುಡಿದು, ತನ್ನ ಮಾತು ಉಳಿಯುತ್ತದೆಂದು ಕಾದಿದ್ದಳು. ಅವರ ಕಿವಿ ಕೆಂಪಗಾಯಿತು. ಒಳಗೆ ಕಾಲಿಟ್ಟವರು ತಿರುಗಿದರು.

“ಎಲ್ಲಿಗ್ರೀ? ಬಿಸಿಲೇರಿದೆ, ಊಟ ಮಾಡ್ಕೊಂಡು ಹೋಗಿ,” ಎಂದಳು ಹೆಂಡತಿ.

“ಬೇಡ. ಊಟ ಮಾಡಿದ್ರೆ ಧೈರ್ಯ ಹೋಗುತ್ತೆ.”

“ಏನಂತ ಹೇಳ್ತೀರಿ ಅಪ್ಪಾ?”

“ಇದ್ದಿದ್ದನ್ನ ಇದ್ದ ಹಾಗೆ,” ಎಂದು ಅವರು ಆಗಲೇ ಬೀದಿಗಿಳಿದಿದ್ದರು. ಬಿಳಿ ಪ್ಯಾಂಟಿನ ಮೊಣಕಾಲಿಗೆಲ್ಲ ಹುಲ್ಲಿನ ಹಸಿರು ಹತ್ತಿತ್ತು. ಕೈ ಬೀಸಿ, ಗಾಳಿಗೆ ಒಪ್ಪಿಸುತ್ತ ನಡೆದರು. “ಪ್ರಿನ್ಸಿಪಾಲರೇ, ತಪ್ಪಾಯ್ತು, ನಾನು ಹುಟ್ಟಿದಾಗಿಂದ ಒಂದು ಸಲಾನೂ ಆಡಿದವನಲ್ಲ, ಆ ಮೈದಾನದಲ್ಲಿ ನಾನು ಹೊಡೆದ ಮೊಟ್ಟಮೊದಲನೇ ಚೆಂಡು ಅಂದ್ರೆ ನಿಮ್ಮ ಆ…” ಎನ್ನುತ್ತ ಮೂಲೆ ಮನೆಯ ಪಂಪಿನ ಸದ್ದಿನಲ್ಲಿ ಮರೆಯಾದರು.